ಕಡಲಾಚೆಯ ಸರಕು, ಒಳನಾಡಿನ ಅಂಗಡಿ

ಪೂರ್ವ ಆಫ್ರಿಕದ ವರ್ತಕ ಅಲಿದೀನಾ ವಿಶ್ರಾಮರನ್ನು ನೆನೆದಾಗ ನನ್ನ ಮನಸ್ಸು ಅವರ ಐಶ್ವರ್ಯಕ್ಕಿಂತಲೂ ಅವರು ಕೊಟ್ಟ ಉದ್ದರಿಯತ್ತ ಹರಿಯುತ್ತದೆ. ಸುಮಾರು 1851ರಲ್ಲಿ ಕಚ್ಛದಲ್ಲಿ ಹುಟ್ಟಿದ ಅವರು ಹುಡುಗತನದಲ್ಲಿಯೇ ಕಡಲು ದಾಟಿ, ಬಾಗಮೋಯೊದ ಸೇವಾ ಹಾಜಿಯವರಲ್ಲಿ ವ್ಯಾಪಾರದ ಮರ್ಮವನ್ನರಿತರು. ಹಡಗಿನಲ್ಲಿ ಬಂದ ಬಟ್ಟೆ, ಮಣಿ, ತಂತಿಗಳು ಹೊರೆಯಾಳುಗಳ ತಲೆಯೇರಿ ಒಳನಾಡಿಗೆ ಸಾಗುತ್ತಿದ್ದವು. ದಂತವು ಕರಾವಳಿಗೆ ಇಳಿಯುತ್ತಿತ್ತು. ಆಯಾ ಸೀಮೆಯವರಿಗೊಪ್ಪದ ಬಣ್ಣದ ಮಣಿಯನ್ನು ತರಿಸಿದವನಿಗೆ ಹೊರೆಕೂಲಿಯೂ ದಕ್ಕುತ್ತಿರಲಿಲ್ಲ.

1901ರಲ್ಲಿ ಮೊಂಬಾಸದ ರೈಲುದಾರಿ ವಿಕ್ಟೋರಿಯ ಸರೋವರವನ್ನು ಮುಟ್ಟಿತು. ಆ ದಾರಿಯುದ್ದಕ್ಕೂ ಅವರ ಅಂಗಡಿಗಳು ತಲೆಯೆತ್ತಿದವು. ಸಗಟು ಸರಕನ್ನು ತಾನೇ ತರಿಸಲಾರದ ಸಣ್ಣ ಅಂಗಡಿಕಾರನಿಗೆ ಅವರು ಮಾಲನ್ನು ಮೊದಲು ಕೊಟ್ಟು, ಹಣವನ್ನು ಮಾರಾಟವಾದ ಮೇಲೆ ಪಡೆದರು. ಬರಿಗೈಯವನೂ ಹೀಗೆ ವರ್ತಕನಾದನು.

1916ರಲ್ಲಿ ಅವರು ತೀರಿಕೊಂಡರು. ಮೊಂಬಾಸದ ಪ್ರೌಢಶಾಲೆಯೊಂದು ಅವರ ಹೆಸರನ್ನು ಹೊತ್ತಿದೆ. ಆ ಕೀರ್ತಿಯಲ್ಲಿ, ಹೆಸರಿಲ್ಲದ ಹೊರೆಯಾಳುಗಳ ಪಾಲನ್ನೂ ನಾನು ಎಣಿಸುತ್ತೇನೆ.