ಇಂದಿನ ಧಮ್ಮ ಚಿಂತನೆ: ಟೀ ಬೀಜ ತಂದ ಭಿಕ್ಖು



ಬಂಧುಗಳೇ, ಇವತ್ತು ಮೊದಲು ನನ್ನ ತಪ್ಪು ಹೇಳಿಕೊಂಡು ಮುಂದಕ್ಕೆ ಹೋಗುತ್ತೇನೆ. ಹೋದ ತಿಂಗಳು ಇದೇ ಗುಂಪಿಗೆ ನಾನೊಂದು ಸಂದೇಶ ಫಾರ್ವರ್ಡ್ ಮಾಡಿದ್ದೆ. ಗ್ರೀನ್ ಟೀ ಬೌದ್ಧ ಭಿಕ್ಖುಗಳ ಪಾನೀಯ, ಮೂರು ತಿಂಗಳು ಕುಡಿದರೆ ಸಕ್ಕರೆ ಕಾಯಿಲೆ ಬುಡಸಮೇತ ಹೋಗುತ್ತದೆ, ಮುಖಕ್ಕೆ ಹಚ್ಚಿದರೆ ಬಣ್ಣ ಬಿಳುಪಾಗುತ್ತದೆ ಎಂದೆಲ್ಲ ಅದರಲ್ಲಿತ್ತು. ಕೆಳಗೆ ಧ್ಯಾನಕ್ಕೆ ಕುಳಿತ ಬುದ್ಧನ ಚಿತ್ರ. ಆ ಚಿತ್ರ ನೋಡಿ ಕಳಿಸಿದೆ, ಬರೆದದ್ದನ್ನು ಓದಿ ಕಳಿಸಲಿಲ್ಲ. ಭಾನುವಾರದ ವಂದನೆಗೆ ಒಂದು ದಿನವೂ ತಪ್ಪಿಸದ ನಮ್ಮ ವಲಯದ ಒಬ್ಬ ಅಕ್ಕ ಅದನ್ನು ನಂಬಿ, ಮಾತ್ರೆ ಬಿಟ್ಟು, ದಿನಕ್ಕೆ ನಾಲ್ಕು ಲೋಟ ಗ್ರೀನ್ ಟೀ ಕುಡಿಯತೊಡಗಿದರು. ಮೂರನೇ ವಾರಕ್ಕೆ ಕಾಲಿನ ಹೆಬ್ಬೆರಳ ಗಾಯ ಮಾಯದೆ ಆಸ್ಪತ್ರೆಗೆ ಹೋದಾಗ ಸಕ್ಕರೆ 380 ಇತ್ತು. ನೋಡಲು ಹೋದ ನನ್ನನ್ನು ಅವರು ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ಮೇಷ್ಟ್ರು ಕಳಿಸಿದ್ದು ಸರಿಯೇ ಇರುತ್ತದೆ ಎಂದುಕೊಂಡೆ ಎಂದರು, ಅಷ್ಟೇ.

ಅವತ್ತಿನಿಂದ ಭಿಕ್ಖುಗಳಿಗೂ ಟೀಗೂ ನಿಜಕ್ಕೂ ಏನು ಸಂಬಂಧ ಎಂದು ಹುಡುಕಿ ಓದುತ್ತಿದ್ದೇನೆ. ಹಾಗೆ ಓದುತ್ತ ಸಿಕ್ಕವರು ಜಪಾನಿನ ಭಿಕ್ಖು ಏಯ್ಸಾಯ್.

ಅವರು ಹುಟ್ಟಿದ್ದು 1141ರಲ್ಲಿ, ಈಗಿನ ಒಕಯಾಮ ಪ್ರಾಂತ್ಯದಲ್ಲಿ. ಮನೆತನ ದೇವಾಲಯದ ಅರ್ಚಕರದು, ಅಂದರೆ ಬೌದ್ಧರಲ್ಲ, ಅಲ್ಲಿನ ಶಿಂಟೊ ದೇಗುಲದವರು. ಹುಡುಗ ಮಾತ್ರ ಹದಿಮೂರು ಹದಿನಾಲ್ಕರ ವಯಸ್ಸಿಗೇ ಕ್ಯೋಟೊ ಪಕ್ಕದ ಹಿಯೇಯ್ ಬೆಟ್ಟದಲ್ಲಿ ಚೀವರ ಧರಿಸಿದ. ಆ ಬೆಟ್ಟ ಆಗ ವಿಹಾರಗಳ ಊರು. ಓದು ಇತ್ತು, ಜೊತೆಗೆ ಆಸ್ತಿ ಇತ್ತು, ರಾಜಕೀಯ ಇತ್ತು, ಆಯುಧ ಹಿಡಿದ ಭಿಕ್ಖುಗಳೂ ಇದ್ದರು. ಸಂಘ ಕೆಟ್ಟಿದೆ, ವಿನಯ ಸಡಿಲವಾಗಿದೆ ಎಂಬ ಸಂಕಟ ಏಯ್ಸಾಯ್ ಅವರನ್ನು ಕಾಡಿತು. ಮೂಲ ಹುಡುಕಿಕೊಂಡು 1168ರಲ್ಲಿ ಹಡಗು ಹತ್ತಿ ಚೀನಾಕ್ಕೆ ಹೋದರು. ನಮ್ಮ ಕಲ್ಯಾಣದಲ್ಲಿ ಶರಣರು ಚದುರಿ ಹೋದದ್ದೂ ಸುಮಾರು ಅದೇ ಕಾಲ ಎನ್ನುವುದು ಕನ್ನಡ ಮೇಷ್ಟ್ರಾದ ನನಗೆ ಥಟ್ಟನೆ ಹೊಳೆಯಿತು. ಆರು ತಿಂಗಳಿಗೆ ವಾಪಸ್ ಬಂದರು. ಆದರೆ ಸಂಕಟ ಹೋಗಲಿಲ್ಲ.

1187ರಲ್ಲಿ, ನಲವತ್ತಾರರ ಪ್ರಾಯದಲ್ಲಿ, ಮತ್ತೆ ಹೊರಟರು. ಈ ಸಲ ಗುರಿ ಚೀನಾ ಅಲ್ಲ. ಚೀನಾ ದಾಟಿ ನಮ್ಮ ದೇಶಕ್ಕೆ ಬರಬೇಕು, ಬುದ್ಧ ಓಡಾಡಿದ ನೆಲ ನೋಡಬೇಕು ಎಂಬುದು ಅವರ ಆಸೆ. ಉತ್ತರದ ದಾರಿಗಳು ಬೇರೆ ಅರಸರ ಕೈಯಲ್ಲಿವೆ ಎಂದು ಚೀನಾದ ಅಧಿಕಾರಿಗಳು ಪರವಾನಗಿ ಕೊಡಲಿಲ್ಲ. ಅವರು ಬಂದಿದ್ದರೆ ಏನು ನೋಡುತ್ತಿದ್ದರು ಎಂದು ಯೋಚಿಸಿದೆ. ನಾಲಂದಾ ತನ್ನ ಕೊನೆಯ ದಿನಗಳಲ್ಲಿತ್ತು. ಬುದ್ಧನನ್ನು ಹುಡುಕಿಕೊಂಡು ಅಷ್ಟು ದೂರದಿಂದ ಒಬ್ಬರು ಹೊರಟಿದ್ದಾಗಲೇ ಇಲ್ಲಿ ನಮ್ಮ ಪೂರ್ವಿಕರ ಕೈಯಿಂದ ಬುದ್ಧ ಜಾರಿ ಹೋಗುತ್ತಿದ್ದ. ಅದನ್ನು ಮತ್ತೆ ನಮ್ಮ ಕೈಗೆ ಕೊಡಲು ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ನಿಲ್ಲಬೇಕಾಯಿತು.

ದಾರಿ ಮುಚ್ಚಿದ್ದರಿಂದ ಏಯ್ಸಾಯ್ ಚೀನಾದಲ್ಲೇ ಉಳಿದು, ಲಿನ್‌ಜಿ ಪರಂಪರೆಯ ಗುರುವೊಬ್ಬರ ಬಳಿ ಧ್ಯಾನಮಾರ್ಗ ಕಲಿತರು. ಜಪಾನಿನಲ್ಲಿ ಅದನ್ನೇ ರಿನ್‌ಝಾಯ್ ಜೆನ್ ಎನ್ನುತ್ತಾರೆ. ಅಲ್ಲಿನ ವಿಹಾರಗಳಲ್ಲಿ ಟೀ ಎಂದರೆ ದಿನಚರಿಯ ಭಾಗ. ಧ್ಯಾನದಲ್ಲಿ ತೂಕಡಿಕೆ ಬಾರದಿರಲಿ ಎಂದು ಕುಡಿಯುತ್ತಿದ್ದರು. ಭಿಕ್ಖು ಬೋಧಿಧರ್ಮ ನಿದ್ದೆಗೆ ಬೇಸತ್ತು ರೆಪ್ಪೆ ಕಿತ್ತೆಸೆದ, ಅದೇ ಟೀ ಗಿಡವಾಯಿತು ಎಂಬ ಕಥೆಯೊಂದಿದೆ. ಕಥೆ ಚೆನ್ನಾಗಿದೆ, ಕಥೆ ಎಂದೇ ಇಟ್ಟುಕೊಳ್ಳೋಣ.

1191ರಲ್ಲಿ ಐವತ್ತರ ಏಯ್ಸಾಯ್ ಊರಿಗೆ ಮರಳುವಾಗ ಟೀ ಬೀಜ ತಂದರು. ಜಪಾನಿಗೆ ಮೊದಲು ಟೀ ತಂದವರು ಅವರೇ ಎಂದು ಹಲವರು ಬರೆಯುತ್ತಾರೆ, ಅದು ತಪ್ಪು. 815ರಲ್ಲೇ ಒಬ್ಬ ಭಿಕ್ಖು ಅಲ್ಲಿನ ಚಕ್ರವರ್ತಿಗೆ ಟೀ ಕೊಟ್ಟ ದಾಖಲೆಯಿದೆ. ಆದರೆ ಆಮೇಲೆ ಆ ಅಭ್ಯಾಸ ಸೊರಗಿತ್ತು. ಏಯ್ಸಾಯ್ ತಂದ ಬೀಜ ಕ್ಯುಶು ದ್ವೀಪದ ಬೆಟ್ಟಗಳಲ್ಲಿ ಮೊಳೆಯಿತು. ಸ್ವಲ್ಪ ಬೀಜವನ್ನು ಅವರು ಮ್ಯೋಎ ಎಂಬ ಭಿಕ್ಖುವಿಗೆ ಕೊಟ್ಟರು. ಕ್ಯೋಟೊ ಬಳಿಯ ಕೋಝಾನ್‌ಜಿ ವಿಹಾರದಲ್ಲಿ ಮ್ಯೋಎ ಅದನ್ನು ಬೆಳೆಸಿದರು ಎನ್ನುತ್ತಾರೆ. ಮ್ಯೋಎ ಬೇರೆ ಪಂಥದವರು ಎಂಬುದನ್ನು ಗಮನಿಸಿ.

ಟೀ ಬೇಗ ಬೇರೂರಿತು, ಜೆನ್ ಬೇರೂರಲು ಕಷ್ಟವಾಯಿತು. ಹಿಯೇಯ್ ಬೆಟ್ಟದವರ ದೂರಿನ ಮೇಲೆ 1194ರಲ್ಲಿ ಆಸ್ಥಾನ ಜೆನ್ ಬೋಧನೆಯನ್ನು ನಿಷೇಧಿಸಿತು. ಏಯ್ಸಾಯ್ ಹೊಸ ಸೇನಾಧಿಪತಿಗಳ ಕಡೆ ತಿರುಗಿದರು. ಕಾಮಾಕುರದಲ್ಲಿ ಶೋಗನ್‌ನ ವಿಧವೆ ಹೋಜೋ ಮಸಾಕೊ ಆಸರೆ ಕೊಟ್ಟರು. 1202ರಲ್ಲಿ ಕ್ಯೋಟೊದಲ್ಲಿ ಕೆನ್ನಿನ್‌ಜಿ ವಿಹಾರ ನಿಂತಿತು. ಇಲ್ಲಿ ನನಗೆ ಅವರ ಬಗ್ಗೆ ತಕರಾರಿದೆ. ಜೆನ್ ರಾಜ್ಯವನ್ನು ಕಾಯುತ್ತದೆ ಎಂದು ಗ್ರಂಥವನ್ನೇ ಬರೆದರು, ಕೊನೆಗಾಲದಲ್ಲಿ ದೊಡ್ಡ ಬಿರುದಿಗಾಗಿ ಪ್ರಯತ್ನಿಸಿ ಸಮಕಾಲೀನರಿಂದ ಮಾತು ಕೇಳಿದರು. ಅಧಿಕಾರದ ನೆರಳಿಗೆ ಹೋದ ಧಮ್ಮ ಏನಾಗುತ್ತದೆ ಎಂದು ನಮಗೆ ಗೊತ್ತು.

ಆದರೆ ಅದೇ ಕೆನ್ನಿನ್‌ಜಿಯ ಇನ್ನೊಂದು ಪ್ರಸಂಗ ಓದಿದ ಮೇಲೆ ನನ್ನ ತಕರಾರು ಸ್ವಲ್ಪ ಮೆತ್ತಗಾಯಿತು. ಮುಂದೆ ಪ್ರಸಿದ್ಧರಾದ ಡೋಗೆನ್ ತಮ್ಮ ಶಿಷ್ಯರಿಗೆ ಇದನ್ನು ಹೇಳುತ್ತಿದ್ದರು. ಒಂದು ದಿನ ಬಡವನೊಬ್ಬ ವಿಹಾರದ ಬಾಗಿಲಿಗೆ ಬಂದ. ಮನೆಯಲ್ಲಿ ಎಷ್ಟೋ ದಿನದಿಂದ ಒಲೆ ಉರಿದಿಲ್ಲ, ಹೆಂಡತಿ ಮಕ್ಕಳು ಸಾಯುವ ಹಾಗಿದ್ದಾರೆ ಎಂದ. ಕೊಡಲು ವಿಹಾರದಲ್ಲಿ ಕಾಳಿಲ್ಲ, ಬಟ್ಟೆಯಿಲ್ಲ. ಇದ್ದದ್ದು ಭೈಷಜ್ಯ ಬುದ್ಧನ, ಅಂದರೆ ವೈದ್ಯ ಬುದ್ಧನ, ವಿಗ್ರಹದ ಪ್ರಭಾವಳಿಗೆಂದು ತಟ್ಟಿಸಿಟ್ಟಿದ್ದ ತಾಮ್ರದ ತಗಡು. ಏಯ್ಸಾಯ್ ಅದನ್ನು ತಾವೇ ಮುರಿದು, ಸುತ್ತಿ, ಅವನ ಕೈಗಿಟ್ಟು, ಮಾರಿ ಅಕ್ಕಿ ತಗೋ ಎಂದು ಕಳಿಸಿದರು. ಶಿಷ್ಯರಿಗೆ ಸಿಟ್ಟು ಬಂತು. ಬುದ್ಧನ ವಸ್ತುವನ್ನು ಗೃಹಸ್ಥನಿಗೆ ಕೊಡುವುದು ವಿನಯಕ್ಕೆ ವಿರುದ್ಧ ಎಂದರು. ಏಯ್ಸಾಯ್ ವಾದ ಮಾಡಲಿಲ್ಲ, ಹೌದು ಅಪರಾಧವೇ ಎಂದು ಒಪ್ಪಿಕೊಂಡರು. ಹಸಿದವರಿಗಾಗಿ ಬುದ್ಧ ತನ್ನ ಮೈಯ ಮಾಂಸವನ್ನೇ ಕೊಡುತ್ತಿದ್ದ, ಹಾಗಿರುವಾಗ ಇಡೀ ವಿಗ್ರಹವನ್ನೇ ಕೊಟ್ಟರೂ ತಪ್ಪಲ್ಲ, ಇದಕ್ಕಾಗಿ ನರಕಕ್ಕೆ ಹೋಗುವುದಿದ್ದರೆ ಹೋಗುತ್ತೇನೆ ಎಂಬರ್ಥದ ಮಾತಾಡಿ ಸುಮ್ಮನಾದರು. ಆ ಸಂಜೆ ಬುದ್ಧನ ತಲೆಯ ಹಿಂದೆ ಪ್ರಭಾವಳಿ ಇಲ್ಲ, ಯಾವುದೋ ಗುಡಿಸಲಲ್ಲಿ ಒಲೆ ಹೊತ್ತಿದೆ. ಇದನ್ನು ನಾನು ಎರಡು ಸಲ ಓದಿದೆ.

ಟೀ ಬಗ್ಗೆ ಅವರು ಬರೆದದ್ದು 1211ರಲ್ಲಿ, ಎಪ್ಪತ್ತು ತುಂಬಿದ ಮೇಲೆ. ಪುಸ್ತಕದ ಹೆಸರು ಕಿಸ್ಸ ಯೋಜೋಕಿ, ಟೀ ಕುಡಿದು ಬಾಳು ಪೋಷಿಸುವ ಬಗೆ ಎಂದು ಹೇಳಬಹುದು. 1214ರಲ್ಲಿ ಶೋಗನ್ ಸನೆಟೊಮೊ ಹಿಂದಿನ ರಾತ್ರಿ ವಿಪರೀತ ಕುಡಿದು ತಲೆ ಎತ್ತಲಾರದೆ ಬಿದ್ದಿದ್ದಾಗ ಏಯ್ಸಾಯ್ ಒಂದು ಬಟ್ಟಲು ಟೀ ಕಳಿಸಿ, ಜೊತೆಗೆ ಟೀಯ ಗುಣ ಹೇಳುವ ಪುಸ್ತಕವನ್ನೂ ಕೊಟ್ಟರೆಂದು ಕಾಮಾಕುರದ ರಾಜವೃತ್ತಾಂತ ದಾಖಲಿಸಿದೆ. ಪಂಚಶೀಲದ ಐದನೆಯದನ್ನು ಮುರಿದವನಿಗೆ ಉಪದೇಶಕ್ಕಿಂತ ಮೊದಲು ಬಟ್ಟಲು ಕೊಟ್ಟದ್ದು ನನಗೆ ಹಿಡಿಸಿತು.

ಆ ಪುಸ್ತಕದ ವಾದ ಹೀಗಿದೆ. ದೇಹದ ಐದು ಅಂಗಕ್ಕೆ ಐದು ರುಚಿ ಬೇಕು. ಹೃದಯಕ್ಕೆ ಬೇಕಾದ್ದು ಕಹಿ. ನಮ್ಮ ಜನ ಕಹಿ ತಿನ್ನುವುದಿಲ್ಲ, ಅದಕ್ಕೇ ಹೃದಯ ದುರ್ಬಲ, ಟೀ ಕಹಿಯಾದ್ದರಿಂದ ಕುಡಿಯಬೇಕು. ಇದು ಆ ಕಾಲದ ವೈದ್ಯ, ಈಗಿನ ವಿಜ್ಞಾನವಲ್ಲ. ಆದರೆ ಚೀನಾದಲ್ಲಿ ಕಣ್ಣಾರೆ ಕಂಡದ್ದನ್ನು ಬರೆದ ಕಡೆ ಅವರು ಬಹಳ ಖಚಿತ. ಬೆಳಗ್ಗೆ ಎಲೆ ಕಿತ್ತು ಕೂಡಲೇ ಹಬೆಯಲ್ಲಿ ಬೇಯಿಸುತ್ತಾರೆ, ಕೂಡಲೇ ಕಾಗದ ಹಾಸಿದ ತಟ್ಟಿಯ ಮೇಲೆ ಹರಡಿ, ಕಾಗದ ಸುಡದಷ್ಟು ಸಣ್ಣ ಉರಿಯಲ್ಲಿ ರಾತ್ರಿಯಿಡೀ ನಿದ್ದೆಗೆಟ್ಟು ಒಣಗಿಸುತ್ತಾರೆ. ಗ್ರೀನ್ ಟೀ ಹಸಿರಾಗಿ ಉಳಿಯುವ ಗುಟ್ಟು ಇದೇ. ಕಿತ್ತ ಎಲೆಯನ್ನು ಹಾಗೇ ಬಿಟ್ಟರೆ ಅದರೊಳಗಿನ ಕಿಣ್ವಗಳು ಅದನ್ನು ಕಪ್ಪಾಗಿಸುತ್ತವೆ, ಅದು ನಾವು ಹಾಲು ಹಾಕಿ ಕುಡಿಯುವ ಟೀ. ಹಬೆ ಆ ಕಿಣ್ವಗಳನ್ನು ಅಲ್ಲೇ ನಿಲ್ಲಿಸುತ್ತದೆ, ಕ್ಯಾಟೆಚಿನ್ ಎಂಬ ಅಂಶಗಳು ಉಳಿಯುತ್ತವೆ. ಗಿಡ ಎರಡಕ್ಕೂ ಒಂದೇ.

ಎರಡನೇ ಭಾಗದಲ್ಲಿ ಐದು ಕಾಯಿಲೆಗಳ ಮಾತಿದೆ. ಅವುಗಳಲ್ಲಿ ಒಂದರ ಹೆಸರು ನೀರು ಕುಡಿಯುವ ರೋಗ. ಎಷ್ಟು ಕುಡಿದರೂ ಬಾಯಾರಿಕೆ. ವಿದ್ವಾಂಸರು ಅದನ್ನು ಸಕ್ಕರೆ ಕಾಯಿಲೆ ಎಂದೇ ತಿಳಿಯುತ್ತಾರೆ. ಆ ಸಾಲಿಗೆ ಬಂದಾಗ ನನಗೆ ಅಕ್ಕನ ಹೆಬ್ಬೆರಳು ಕಣ್ಣಮುಂದೆ ಬಂತು. ಅದಕ್ಕೆ ಏಯ್ಸಾಯ್ ಮುಖ್ಯವಾಗಿ ಹೇಳಿದ್ದು ಹಿಪ್ಪುನೇರಳೆಯ ಗಂಜಿ! ನಮ್ಮ ಶಿಡ್ಲಘಟ್ಟದ ಕಡೆ ರೇಷ್ಮೆ ಹುಳಕ್ಕೆ ಹಾಕುವ ಅದೇ ಗಿಡ. ಆ ಎಲೆಯಲ್ಲಿ ಪಿಷ್ಟ ಸಕ್ಕರೆಯಾಗುವುದನ್ನು ನಿಧಾನಿಸುವ ಒಂದು ಅಂಶ ಇರುವುದು ಈಗ ಗೊತ್ತಾಗಿದೆ. ಹಾಗೆಂದು ಮಾತ್ರೆ ಬಿಟ್ಟು ಹಿಪ್ಪುನೇರಳೆ ತೋಟಕ್ಕೆ ನುಗ್ಗಬೇಡಿ. ಏಯ್ಸಾಯ್ ಅವರ ಕಾಲದಲ್ಲಿ ಮಾತ್ರೆ ಇರಲಿಲ್ಲ, ಇನ್ಸುಲಿನ್ ಇರಲಿಲ್ಲ, ಕೈಗೆ ಸಿಕ್ಕಿದ್ದನ್ನು ಅವರು ಹೇಳಿದರು. ನಮಗೆ ಅದೆಲ್ಲ ಇದೆ. ಸಕ್ಕರೆ ಕಾಯಿಲೆಯಿಂದ ನರಳಿದ ಬಾಬಾಸಾಹೇಬರ ಕೊನೆಯ ವರ್ಷಗಳನ್ನು ನೆನೆದರೆ ಮಾತ್ರೆಯ ಬೆಲೆ ನಮಗಾದರೂ ತಿಳಿಯಬೇಕಿತ್ತು.

ಇನ್ನು ಈಗಿನ ಅಧ್ಯಯನ. ಜಪಾನಿನ ಒಸಾಕಿ ಪ್ರದೇಶದ 40,530 ಜನರನ್ನು ಹನ್ನೊಂದು ವರ್ಷದವರೆಗೆ ಗಮನಿಸಿ 2006ರಲ್ಲಿ ಪ್ರಕಟಿಸಿದ ವರದಿಯೊಂದಿದೆ. ಹೆಚ್ಚು ಗ್ರೀನ್ ಟೀ ಕುಡಿಯುವವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸಾವು ಕಡಿಮೆ ಕಂಡಿತು. ಕ್ಯಾನ್ಸರ್ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದು ಗಮನಿಸಿ ಬರೆದದ್ದು, ಟೀಯೇ ಕಾರಣ ಎಂಬ ಸಾಬೀತಲ್ಲ. ಹಾಲು ಸಕ್ಕರೆ ಇಲ್ಲದ ಎರಡು ಮೂರು ಲೋಟ ಬಹುತೇಕರಿಗೆ ಒಳ್ಳೆಯ ಪಾನೀಯ, ಅಷ್ಟು ಹೇಳಬಹುದು. ನಮ್ಮ ಮನೆಗಳಿಗೆ ಮುಖ್ಯವಾದ ಒಂದು ಮಾತು: ಟೀ ಊಟದ ಜೊತೆ ಬೇಡ. ಮುದ್ದೆ, ಸೊಪ್ಪು, ಕಾಳಿನಿಂದ ಸಿಗುವ ಕಬ್ಬಿಣಾಂಶವನ್ನು ಅದು ಮೈಗೆ ಹತ್ತಗೊಡುವುದಿಲ್ಲ. ರಕ್ತಹೀನತೆ ಇರುವ ನಮ್ಮ ಹೆಣ್ಣುಮಕ್ಕಳು ಊಟಕ್ಕೂ ಟೀಗೂ ನಡುವೆ ಒಂದು ಗಂಟೆ ಬಿಡಲಿ. ಸಾರ ತೆಗೆದು ಮಾಡಿದ ಗುಳಿಗೆಗಳಂತೂ ಬೇಡ, ಅವು ಕೆಲವರ ಯಕೃತ್ತಿಗೆ ಹಾನಿ ಮಾಡಿವೆ.

ಚರ್ಮದ ಮಾತಿಗೆ ಬರುತ್ತೇನೆ. ನನ್ನ ಫಾರ್ವರ್ಡ್ ಓದಿದ ಇನ್ನೊಬ್ಬಳು ನನ್ನ ಮಗಳು, ಒಂಬತ್ತನೇ ತರಗತಿ. ಗ್ರೀನ್ ಟೀ ಪುಡಿಗೆ ನಿಂಬೆರಸ ಹಿಂಡಿ ಮುಖಕ್ಕೆ ಹಚ್ಚಿಕೊಂಡು, ಉರಿ ತಾಳದೆ ತೊಳೆದುಕೊಂಡಳು. ಉರಿದದ್ದು ನಿಂಬೆಗೆ. ಯಾಕೆ ಹಚ್ಚಿದೆ ಎಂದು ಕೇಳಿದರೆ ಉತ್ತರ ಕೊಡಲಿಲ್ಲ, ಕನ್ನಡಿ ನೋಡಿದಳು. ಗ್ರೀನ್ ಟೀಯ ಸಾರದಿಂದ ಮಾಡಿದ ಮುಲಾಮೊಂದನ್ನು ಒಂದು ಬಗೆಯ ನರಹುಲಿಗೆ ಅಮೆರಿಕದಲ್ಲಿ 2006ರಲ್ಲಿ ಔಷಧವಾಗಿ ಒಪ್ಪಿದ್ದಾರೆ, ಮೊಡವೆಗೆ ತುಸು ಸಹಾಯ ಆಗಬಹುದೆಂಬ ಸಣ್ಣ ಅಧ್ಯಯನಗಳಿವೆ. ಏಯ್ಸಾಯ್ ಪಟ್ಟಿಯಲ್ಲೂ ಹುಣ್ಣುಗಳ ಕಾಯಿಲೆ ಇದೆ. ಬಣ್ಣ ಬಿಳುಪಾಗುವ ಮಾತು ಎಲ್ಲೂ ಇಲ್ಲ. ಮೈಬಣ್ಣ ಮೆಲನಿನ್‌ನದು, ಬಿಸಿಲಿನಿಂದ ಕಾಯುವ ಕೊಡೆ ಅದು. ಅದನ್ನು ಕಾಯಿಲೆ ಎಂದು ನಂಬಿಸಿದವರು ಯಾರು ಎಂಬುದನ್ನು ಅವಳಿಗೆ ಆ ರಾತ್ರಿ ಕೂತು ಹೇಳಿದೆ. ಕೇಳಿಸಿಕೊಂಡಳು, ಒಪ್ಪಿದಳೋ ಇಲ್ಲವೋ.

ಏಯ್ಸಾಯ್ 1215ರಲ್ಲಿ ತೀರಿಕೊಂಡರು. ಈಗಲೂ ಕೆನ್ನಿನ್‌ಜಿಯಲ್ಲಿ ಪ್ರತಿ ಏಪ್ರಿಲ್ 20ರಂದು ಅವರ ಹುಟ್ಟುಹಬ್ಬಕ್ಕೆ ಹಳೆಯ ಪದ್ಧತಿಯಲ್ಲಿ ಟೀ ಕೊಡುತ್ತಾರೆ. ಅತಿಥಿಗಳು ಟೀ ಪುಡಿ ಇರುವ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿರುತ್ತಾರೆ. ಭಿಕ್ಖು ಹತ್ತಿರ ಬಂದು, ಬಾಗಿ, ಅವರ ಕೈಯಲ್ಲಿರುವ ಬಟ್ಟಲಿಗೇ ಬಿಸಿನೀರು ಹೊಯ್ದು ಕಡೆದು ಕೊಡುತ್ತಾರೆ. ನನ್ನ ಅಪ್ಪ ನಮ್ಮೂರ ಹೋಟೆಲಿನ ಹೊರಗೆ ನಿಂತು, ಸೂರಿಗೆ ಸಿಕ್ಕಿಸಿಟ್ಟ ಬೇರೆ ಲೋಟ ತೆಗೆದು, ತಾನೇ ತೊಳೆದು, ಕೆಳಗಿಟ್ಟು ಹಿಂದೆ ಸರಿಯುತ್ತಿದ್ದ. ಟೀ ಮೇಲಿಂದ ಬೀಳುತ್ತಿತ್ತು. ಅರ್ಧ ಬನ್ನು ಹಿಡಿದು ಪಕ್ಕದಲ್ಲಿ ನಿಂತಿದ್ದ ನನಗೆ ಆಗ ಆರೋ ಏಳೋ ವರ್ಷ.

ನಿನ್ನೆ ಸಂಜೆ ಅಕ್ಕನ ಮನೆಗೆ ಹೋಗಿದ್ದೆ. ಗಾಯ ಒಣಗುತ್ತಿದೆ, ಬೆರಳು ಉಳಿಯುತ್ತದೆ ಎಂದಿದ್ದಾರಂತೆ ಡಾಕ್ಟರು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಮಾತ್ರೆಯ ಪಟ್ಟಿ ತಂದು, ಅವತ್ತಿನ ಮನೆ ಖಾಲಿಯಾಗಿರುವುದನ್ನು ತೋರಿಸಿದರು. ಉಳಿದ ಪುಡಿ ಯಾಕೆ ಹಾಳು ಮಾಡುವುದು ಎಂದು ಒಂದೇ ತರಹದ ಎರಡು ಸ್ಟೀಲ್ ಲೋಟದಲ್ಲಿ ಗ್ರೀನ್ ಟೀ ಮಾಡಿ ತಂದರು. ಬಹಳ ಕಹಿಯಾಗಿತ್ತು. ಇಬ್ಬರೂ ಪೂರ್ತಿ ಕುಡಿದೆವು.

ಜೈ ಭೀಮ್.