ಹನ್ನೆರಡರಿಂದ ನಲವತ್ತೈದು: ಎಂ. ಕೆ. ಇಂದಿರಾ ಅವರ ಬದುಕಿನ ಒಂದು ಓದು

ಎಂ. ಕೆ. ಇಂದಿರಾ ಅವರನ್ನು ಕುರಿತ ಪರಿಚಯ ಲೇಖನಗಳಲ್ಲಿ ಎರಡು ಸಂಖ್ಯೆಗಳು ತಪ್ಪದೆ ಬರುತ್ತವೆ. ಹನ್ನೆರಡನೆಯ ವಯಸ್ಸಿಗೆ ಮದುವೆ, ನಲವತ್ತೈದನೆಯ ವಯಸ್ಸಿಗೆ ಕಾದಂಬರಿ ರಚನೆಯ ಆರಂಭ. ಇವೆರಡರ ನಡುವಿನ ಮೂವತ್ತಮೂರು ವರ್ಷಗಳು ಬಹುಪಾಲು ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತವೆ. ಸಂಸಾರ, ಮಕ್ಕಳು, ಮನೆವಾರ್ತೆ ಎಂಬ ಮೂರು ಪದಗಳಲ್ಲಿ ಅಡಗುವ ಈ ಅವಧಿಯನ್ನು ಲೇಖಕಿಯ ಜೀವನದ ಖಾಲಿ ಪುಟವೆಂದು ಭಾವಿಸುವುದು ಎಷ್ಟರಮಟ್ಟಿಗೆ ಸರಿ? ಆ ವರ್ಷಗಳನ್ನು ಕೇಂದ್ರದಲ್ಲಿರಿಸಿ ಇಂದಿರಾ ಅವರ ಬದುಕನ್ನು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಇಂದಿರಾ ಅವರು 1917ರ ಜನವರಿ 5ರಂದು ತೀರ್ಥಹಳ್ಳಿಯಲ್ಲಿ ಜನಿಸಿದರು. ತಂದೆ ಟಿ. ಸೂರ್ಯನಾರಾಯಣರಾವ್ ಅನುಕೂಲಸ್ಥ ಕೃಷಿಕರು, ತಾಯಿ ಬನಶಂಕರಮ್ಮ. ಮುಂದೆ ‘ಪ್ರಜಾವಾಣಿ’ಯ ‘ಛೂಬಾಣ’ ಅಂಕಣದಿಂದ ನಾಡಿನಾದ್ಯಂತ ಹೆಸರಾದ ಪತ್ರಕರ್ತ ಟಿ. ಎಸ್. ರಾಮಚಂದ್ರರಾವ್ ಇವರ ಸೋದರ. ಒಂದೇ ಮನೆಯ ಇಬ್ಬರು ಮಕ್ಕಳು ಬರವಣಿಗೆಯನ್ನು ಆರಿಸಿಕೊಂಡರು. ಆದರೆ ಇಂದಿರಾ ಅವರ ಶಾಲೆ ಏಳು ವರ್ಷಗಳಿಗೆ ಮುಗಿಯಿತು. ಅನಂತರ ಅವರು ಮಂಡಗದ್ದೆ ಕೃಷ್ಣರಾಯರ ಪತ್ನಿಯಾದರು. ಅವರ ಹೆಸರಿನ ಮೊದಲಿರುವ ಎರಡು ಅಕ್ಷರಗಳು ಆ ಮದುವೆಯ ಗುರುತುಗಳೇ ಆಗಿವೆ.

ಈ ಮದುವೆಯ ಕಾಲ ಗಮನಾರ್ಹ. ಬಾಲ್ಯವಿವಾಹವನ್ನು ನಿರ್ಬಂಧಿಸುವ ಶಾರದಾ ಕಾಯಿದೆ ಬ್ರಿಟಿಷ್ ಇಂಡಿಯಾದಲ್ಲಿ ಅಂಗೀಕಾರವಾದುದು 1929ರಲ್ಲಿ. ಇಂದಿರಾ ಅವರಿಗೆ ಹನ್ನೆರಡು ತುಂಬಿದ ವರ್ಷವೂ ಅದೇ. ಮೈಸೂರು ಸಂಸ್ಥಾನದಲ್ಲಿ 1894ರ ಶಾಸನವು ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ತಡೆದಿತ್ತು. ಆದ್ದರಿಂದ ಶಿವಮೊಗ್ಗ ಸೀಮೆಯ ಹನ್ನೆರಡರ ಹುಡುಗಿಯ ಮದುವೆ ಕಾನೂನಿಗೂ ಸಂಪ್ರದಾಯಕ್ಕೂ ಒಪ್ಪಿತವಾದ ಸಂಗತಿಯೇ ಆಗಿತ್ತು. ಶಾಲೆ ನಿಂತದ್ದು ಇಂದಿರಾ ಎಂಬ ಒಬ್ಬ ವ್ಯಕ್ತಿಯ ದುರದೃಷ್ಟದಿಂದಲ್ಲ. ಆ ಕಾಲದ ವ್ಯವಸ್ಥೆಯಿಂದ. ಶಾಲೆ ಬಿಟ್ಟ ಮೇಲೂ ಅವರು ಓದನ್ನು ಬಿಡಲಿಲ್ಲ. ಕನ್ನಡ ಕಾವ್ಯವನ್ನು ಅಭ್ಯಾಸ ಮಾಡಿದರು. ಹಿಂದಿ ಸಾಹಿತ್ಯದ ಪರಿಚಯವನ್ನೂ ಗಳಿಸಿಕೊಂಡರು. ಪದವಿಯಿಲ್ಲದ, ಪರೀಕ್ಷೆಯಿಲ್ಲದ ಈ ಓದು ಮನೆಗೆಲಸದ ಬಿಡುವುಗಳಲ್ಲಿ ನಡೆದುದೆಂಬುದನ್ನು ಮರೆಯಲಾಗದು.

ಮೊದಲ ಕಾದಂಬರಿ ‘ತುಂಗಭದ್ರಾ’ 1963ರಲ್ಲಿ ಪ್ರಕಟವಾಯಿತು. ತೀರ್ಥಹಳ್ಳಿ ತುಂಗೆಯ ದಡದ ಊರು; ಇಂದಿರಾ ಅವರ ಮನೆತನದ ನೆಲೆಯಾದ ನರಸಿಂಹರಾಜಪುರ ಭದ್ರೆಯ ಸೀಮೆಗೆ ಸೇರಿದ್ದು. ಶೀರ್ಷಿಕೆಯಲ್ಲಿಯೇ ಲೇಖಕಿಯ ಎರಡು ನೆಲೆಗಳು ಕೂಡಿಕೊಂಡಿವೆ. ಈ ಕೃತಿ ರಾಜ್ಯ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆಯಿತು. ಅನಂತರದ ‘ಸದಾನಂದ’ (1965), ‘ನವರತ್ನ’ (1967) ಕೃತಿಗಳಿಗೂ ಅದೇ ಮನ್ನಣೆ ದೊರೆಯಿತು.

ಆ ದಶಕದ ಮಲೆನಾಡಿನ ಚಿತ್ರವನ್ನು ಇಲ್ಲಿ ನೆನೆಯಬೇಕು. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊಸನಗರ, ಸಾಗರ ತಾಲೂಕುಗಳಲ್ಲಿ ಹರಿಯುವ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿಯಿತು. ಆ ಎರಡು ತಾಲೂಕುಗಳ ಎಷ್ಟೋ ಹಳ್ಳಿಗಳು, ಅಡಿಕೆ ತೋಟಗಳು ನೀರಿನ ಪಾಲಾದವು. ಅತ್ತ ನರಸಿಂಹರಾಜಪುರದ ಕಡೆ ಭದ್ರಾ ಜಲಾಶಯದ ಹಿನ್ನೀರು ಹರಡಿತು. ಸಾಗರದ ನಾ. ಡಿಸೋಜ ಅವರು ಈ ಮುಳುಗಡೆಯನ್ನೇ ತಮ್ಮ ಬರವಣಿಗೆಯ ಮುಖ್ಯ ವಸ್ತುವಾಗಿಸಿಕೊಂಡರು. ಇಂದಿರಾ ಅವರು ನೇರವಾಗಿ ಮುಳುಗಡೆಯ ಲೇಖಕಿಯಲ್ಲ. ಆದರೆ ಹಳೆಯ ಮಲೆನಾಡಿನ ಕೂಡುಕುಟುಂಬ, ಅದರ ನಡುಮನೆ, ಬಾಣಂತಿ ಕೋಣೆ, ಹಿತ್ತಲುಗಳ ಬದುಕು ಕಣ್ಮರೆಯಾಗುತ್ತಿದ್ದ ಹೊತ್ತಿನಲ್ಲಿಯೇ ಅವರು ಲೇಖನಿ ಹಿಡಿದರು. ನಲವತ್ತೈದರ ನೆನಪಿಗೆ ದಕ್ಕಿದ ಆ ಲೋಕವು ಇಪ್ಪತ್ತೈದರ ಲೇಖಕಿಗೆ ಹಾಗೆಯೇ ದಕ್ಕುತ್ತಿತ್ತೆಂದು ಹೇಳುವಂತಿಲ್ಲ.

ತೀರ್ಥಹಳ್ಳಿ ತಾಲೂಕಿನ ಮೂವರ ಮೂರು ಕಾದಂಬರಿಗಳು ಐದು ವರ್ಷಗಳ ಒಳಗೆ ಹೊರಬಂದವೆಂಬುದು ಮತ್ತೊಂದು ಸಂಗತಿ. 1963ರಲ್ಲಿ ‘ತುಂಗಭದ್ರಾ’, 1965ರಲ್ಲಿ ಮೇಳಿಗೆಯಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿ ಅವರ ‘ಸಂಸ್ಕಾರ’, 1967ರಲ್ಲಿ ಕುಪ್ಪಳಿಯ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. ಅನಂತಮೂರ್ತಿ ಆಗ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನಾ ವಿದ್ಯಾರ್ಥಿ. ಕುವೆಂಪು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದು 1960ರಲ್ಲಿ ನಿವೃತ್ತರಾದವರು. ಇಂದಿರಾ ಅವರ ಹಿಂದೆ ಇದ್ದುದು ಏಳು ವರ್ಷದ ಶಾಲೆ ಮತ್ತು ಒಂದು ಸಂಸಾರ. ಈ ಹೋಲಿಕೆ ಕೃತಿಗಳ ಗುಣವನ್ನು ತೂಗುವುದಕ್ಕಲ್ಲ. ಬರೆಯುವುದಕ್ಕೆ ಬೇಕಾದ ಕಾಲ, ಏಕಾಂತಗಳು ಯಾರಿಗೆ ಎಷ್ಟು ಒದಗಿದವು ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವುದಕ್ಕೆ.

ಇದೇ ಪ್ರಶ್ನೆಯ ಮತ್ತೊಂದು ಮುಖ ತ್ರಿವೇಣಿ ಅವರ ಬದುಕಿನಲ್ಲಿದೆ. 1953ರ ‘ಅಪಸ್ವರ’ದಿಂದ ಮೊದಲುಗೊಂಡು ಹತ್ತು ವರ್ಷಗಳಲ್ಲಿ ಅವರು ಸುಮಾರು ಇಪ್ಪತ್ತು ಕಾದಂಬರಿಗಳನ್ನು ಬರೆದರು. ಹೆರಿಗೆಯ ಅನಂತರ ಮನಸ್ಸಿನ ಸಮತೋಲ ಕಳೆದುಕೊಂಡ ತಾಯಿಯನ್ನು ‘ಶರಪಂಜರ’ದಲ್ಲಿ ಚಿತ್ರಿಸಿದರು. ಮಗುವಿಗೆ ಜನ್ಮವಿತ್ತ ಹತ್ತು ದಿನಗಳಿಗೆ, 1963ರ ಜುಲೈ 29ರಂದು, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡರು. ತ್ರಿವೇಣಿ ಅವರಿಗಿಂತ ಹನ್ನೊಂದು ವರ್ಷ ಹಿರಿಯರಾದ ಇಂದಿರಾ ಅವರ ಮೊದಲ ಕಾದಂಬರಿ ಬಂದುದು ಅದೇ ವರ್ಷ. ಒಬ್ಬರು ಮೊದಲು ಬರೆದು, ಬರವಣಿಗೆಯ ನಡುವೆಯೇ ತಾಯಿಯಾಗಿ ತೀರಿಕೊಂಡರು. ಮತ್ತೊಬ್ಬರು ತಾಯ್ತನದ ಮುಖ್ಯ ಹೊಣೆಗಳು ಕಳೆದ ಮೇಲೆ ಬರೆಯತೊಡಗಿದರು. ಬರವಣಿಗೆಯನ್ನೂ ತಾಯ್ತನವನ್ನೂ ಸರಿದೂಗಿಸಿದರೆಂಬ ಇಂದಿನ ಮಾತು ಈ ಇಬ್ಬರಿಗೂ ಒಪ್ಪುವುದಿಲ್ಲ. ಇಂದಿರಾ ಅವರ ಪಾಲಿಗೆ ಅವು ಒಂದರ ಬೆನ್ನಿಗೆ ಒಂದಾಗಿ ಬಂದವು.

ಆ ಮೂವತ್ತಮೂರು ವರ್ಷಗಳು ಏನನ್ನು ಕೂಡಿಟ್ಟವು ಎಂಬುದಕ್ಕೆ 1976ರ ‘ಫಣಿಯಮ್ಮ’ ಸಾಕ್ಷಿಯಾಗಿದೆ. ಇಂದಿರಾ ಅವರು ಬಾಲ್ಯದಲ್ಲಿ ಕಂಡಿದ್ದ ಬಾಲವಿಧವೆಯೊಬ್ಬರ ಬದುಕೇ ಇದರ ಆಧಾರ. ಆಕೆ ತಮ್ಮ ಕಥೆಯನ್ನು ಬನಶಂಕರಮ್ಮನವರಲ್ಲಿ ಹೇಳಿಕೊಂಡಿದ್ದರು. ತಾಯಿಯ ಮೂಲಕ ಅದು ಮಗಳನ್ನು ಮುಟ್ಟಿತು. ಅಂದರೆ ಈ ಕಾದಂಬರಿಯ ಮೂಲ ಆಕರ ದಾಖಲೆಪತ್ರಗಳಲ್ಲ, ಹೆಂಗಸರ ನಡುವಿನ ಮಾತು. ಮದುವೆಯ ಅರ್ಥ ತಿಳಿಯುವ ಮುನ್ನವೇ ಗಂಡ ಹಾವು ಕಚ್ಚಿ ಸಾಯುತ್ತಾನೆ. ಮೈನೆರೆದಾಗ ಹುಡುಗಿಗೆ ಕೇಶಮುಂಡನವಾಗುತ್ತದೆ. ಮುಂದೆ ಆಕೆ ನೂರಹನ್ನೆರಡು ವರ್ಷ ಬಾಳುತ್ತಾಳೆ. ಸ್ವತಃ ತಾಯಿಯಾಗದ ಫಣಿಯಮ್ಮ ಇತರರ ಹೆರಿಗೆಗೆ ಒದಗುತ್ತಾಳೆ. ಮಡಿಯ ಗೆರೆಯನ್ನು ದಾಟಿ ಅಸ್ಪೃಶ್ಯ ಹೆಣ್ಣೊಬ್ಬಳ ಕಠಿಣ ಹೆರಿಗೆಗೂ ನೆರವಾಗುತ್ತಾಳೆ. ತಲೆಬೋಳಿಸಿಕೊಳ್ಳಲು ಒಪ್ಪದ ಕಿರಿಯ ವಿಧವೆ ದಾಕ್ಷಾಯಿಣಿಯ ಪರ ನಿಲ್ಲುತ್ತಾಳೆ. ‘ಸಂಸ್ಕಾರ’ವು ಅಗ್ರಹಾರವನ್ನು ಧರ್ಮಜಿಜ್ಞಾಸೆಯ ನೆಲೆಯಿಂದ ನೋಡಿದರೆ ‘ಫಣಿಯಮ್ಮ’ ಅದನ್ನು ಬಾಣಂತಿ ಕೋಣೆಯ ಬಾಗಿಲಿನಿಂದ ನೋಡುತ್ತದೆ. ಈ ನೋಟ ಒದಗಿದ್ದು ಮನೆಯೊಳಗಿನ ದೀರ್ಘ ವಾಸದಿಂದಲೇ.

ಆದರೂ ಇಲ್ಲೊಂದು ಎಚ್ಚರ ಅಗತ್ಯ. ಸಂಸಾರವೇ ಸಾಹಿತ್ಯದ ಪಾಠಶಾಲೆಯಾಯಿತೆಂದು ಸಂಭ್ರಮಿಸುವುದು ಸುಲಭ. ಹಾಗೆ ಹೇಳುವಾಗ ಆ ವರ್ಷಗಳಲ್ಲಿ ಬರೆಯಲಾಗದೆ ಹೋದುದರ ನಷ್ಟವನ್ನು ಮುಚ್ಚಿಟ್ಟಂತಾಗುತ್ತದೆ. 1963ರಿಂದ 1994ರ ಮಾರ್ಚ್ 15ರಂದು ತೀರಿಕೊಳ್ಳುವವರೆಗಿನ ಮೂರು ದಶಕಗಳಲ್ಲಿ ಇಂದಿರಾ ಸುಮಾರು ಐವತ್ತು ಕಾದಂಬರಿಗಳನ್ನು ಬರೆದರು. ಈ ವೇಗದಲ್ಲಿ ಕಳೆದ ಕಾಲವನ್ನು ತುಂಬಿಕೊಳ್ಳುವ ಆತುರವನ್ನೂ ಕಾಣಬಹುದು. ಎಲ್ಲ ಕೃತಿಗಳೂ ಒಂದೇ ಮಟ್ಟದವಲ್ಲ. ಜನಪ್ರಿಯ ಕಾದಂಬರಿಯ ಸೂತ್ರಗಳಿಗೆ ಒಪ್ಪಿಸಿಕೊಂಡವೂ ಅವುಗಳಲ್ಲಿವೆ. ಇಪ್ಪತ್ತರಲ್ಲಿ ಬರೆದು, ತಿದ್ದಿ, ಬಿಡಬಹುದಾಗಿದ್ದ ಕೃತಿಗಳನ್ನು ಅವರು ಐವತ್ತರಲ್ಲಿ ಓದುಗರೆದುರೇ ಬರೆಯಬೇಕಾಯಿತೇನೋ.

ಅವರ ಓದುಗರ ವಲಯ ಮಾತ್ರ ವಿಸ್ತಾರವಾಗಿತ್ತು. ದೇವದಾಸಿ ಮನೆಯ ತಾಯಿ-ಮಗಳ ಬಿಕ್ಕಟ್ಟನ್ನು ಕುರಿತ ‘ಗೆಜ್ಜೆಪೂಜೆ’ಯನ್ನು ಪುಟ್ಟಣ್ಣ ಕಣಗಾಲ್ 1969ರಲ್ಲಿ ಚಲನಚಿತ್ರವಾಗಿಸಿದರು, ಅದು ರಾಷ್ಟ್ರಪ್ರಶಸ್ತಿ ಪಡೆಯಿತು. ಪ್ರೇಮಾ ಕಾರಂತರು ನಿರ್ದೇಶಿಸಿದ ‘ಫಣಿಯಮ್ಮ’ ಚಿತ್ರಕ್ಕೂ ರಾಷ್ಟ್ರಪ್ರಶಸ್ತಿ ಸಂದಿತು. 1989ರಲ್ಲಿ ಆ ಕಾದಂಬರಿ ತೇಜಸ್ವಿನಿ ನಿರಂಜನ ಅವರಿಂದ ಇಂಗ್ಲಿಷಿಗೆ ಅನುವಾದವಾಯಿತು. ಅನುವಾದಕಿಯ ತಾಯಿ, ತೀರ್ಥಹಳ್ಳಿಯಲ್ಲೇ ಹುಟ್ಟಿ ವೈದ್ಯೆಯೂ ಲೇಖಕಿಯೂ ಆದ ಅನುಪಮಾ ನಿರಂಜನ. ತಾಯಿಯಿಂದ ಮಗಳು ಕೇಳಿ ಬರೆದ ಕಥೆಯನ್ನು ಮತ್ತೊಬ್ಬ ಲೇಖಕಿಯ ಮಗಳು ಹೊರಜಗತ್ತಿಗೆ ದಾಟಿಸಿದಳೆಂಬುದು ಕೇವಲ ಆಕಸ್ಮಿಕವೆನಿಸುವುದಿಲ್ಲ. ಒಂದು ತಲೆಮಾರಿಗೆ ದೊರೆಯದ ವಿದ್ಯೆ ಮುಂದಿನವರಿಗೆ ದೊರೆತುದರ ಫಲವೂ ಅದರಲ್ಲಿದೆ.

ಇಂದಿರಾ ಅವರನ್ನು ‘ಫಣಿಯಮ್ಮ’ ಒಂದಕ್ಕೇ ಸೀಮಿತಗೊಳಿಸುವ ವಿಮರ್ಶೆಯೂ, ಉಳಿದುದನ್ನು ಅಡುಗೆಮನೆಯ ಸಾಹಿತ್ಯವೆಂದು ಬದಿಗಿಡುವ ವಿಮರ್ಶೆಯೂ ಅವರ ಬದುಕಿನ ಕಾಲಗಣನೆಯನ್ನು ಗಮನಿಸಿಲ್ಲ. ಲೇಖಕರನ್ನು ಹುಟ್ಟಿದ ಇಸವಿಯಿಂದಲೂ ಮೊದಲ ಕೃತಿಯ ಇಸವಿಯಿಂದಲೂ ಪೀಳಿಗೆಗಳಾಗಿ ವಿಂಗಡಿಸುವ ನಮ್ಮ ಸಾಹಿತ್ಯ ಚರಿತ್ರೆಯ ಪದ್ಧತಿಗೆ ಇಂತಹ ಲೇಖಕಿಯರು ಸುಲಭವಾಗಿ ಒಗ್ಗುವುದಿಲ್ಲ. ವಯಸ್ಸಿನಿಂದ ನವೋದಯಕ್ಕೂ ಪ್ರಕಟಣೆಯಿಂದ ನವ್ಯಕ್ಕೂ ಹತ್ತಿರವಾದ ಇಂದಿರಾ ಎರಡರಲ್ಲಿಯೂ ಸೇರದೆ ಉಳಿದದ್ದು ಇದರಿಂದಲೇ. ಅವರ ಐವತ್ತು ಕಾದಂಬರಿಗಳನ್ನು ಮತ್ತೆ ಓದುವ ಸಂಶೋಧಕರು ಹನ್ನೆರಡರಿಂದ ನಲವತ್ತೈದರವರೆಗಿನ ವರ್ಷಗಳ ಗುರುತುಗಳನ್ನು ಆ ಕೃತಿಗಳಲ್ಲಿಯೇ ಹುಡುಕಬೇಕಾಗಿದೆ.