ಹಾರುವ ಪಾಠಶಾಲೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಕಡೆಯ ಯಾವ ಹಳ್ಳಿಯಲ್ಲಾದರೂ ವಿಮಾನದ ಮೊರೆತ ಕೇಳಿಸಿತೆಂದರೆ, ಗದ್ದೆಯಲ್ಲಿ ಬಾಗಿ ನಾಟಿ ಮಾಡುತ್ತಿರುವವರೂ ಒಮ್ಮೆ ತಲೆಯೆತ್ತುತ್ತಾರೆ. ಶಾಲೆಯ ಅಂಗಳದ ಮಕ್ಕಳಂತೂ ಅದು ಮೋಡದಲ್ಲಿ ಮರೆಯಾಗುವವರೆಗೂ ಕಣ್ಣು ಕೀಳುವುದಿಲ್ಲ. ಅದನ್ನು ನಡೆಸುವವನ ಧೈರ್ಯವನ್ನು ಎಲ್ಲರೂ ಕೊಂಡಾಡುತ್ತಾರೆ. ಆದರೆ ಆ ಧೈರ್ಯವಂತನಿಗೂ ಕಲಿಕೆಯ ಮೊದಲ ದಿನವೊಂದಿತ್ತು. ಅಂದು ಅವನು ಮಾಡಿದ ತಪ್ಪುಗಳನ್ನೆಲ್ಲ ಸಹಿಸಿಕೊಂಡು, ಅವನನ್ನು ಸುರಕ್ಷಿತವಾಗಿ ನೆಲಕ್ಕೆ ತಂದಿಳಿಸಿದ ಪುಟ್ಟ ವಿಮಾನವೊಂದಿತ್ತು. ಸ್ವತಂತ್ರ ಭಾರತದ ತರುಣರಿಗೆ ಅಂತಹ ವಿಮಾನಗಳನ್ನು ರೂಪಿಸಿಕೊಟ್ಟವರಲ್ಲಿ ಮೊದಲಿಗರು ಡಾಕ್ಟರ್ ವಿಷ್ಣು ಮಾಧವ ಘಾಟಗೆ.

ಘಾಟಗೆಯವರು ಜನಿಸಿದುದು 1908ರ ಅಕ್ಟೋಬರ್ 24ರಂದು, ಕರ್ನಾಟಕದ ಗಡಿಯಾಚೆಯ ಕೊಲ್ಲಾಪುರ ಸೀಮೆಯ ಹಸೂರಚಂಪು ಎಂಬ ಗ್ರಾಮದಲ್ಲಿ. ಅಮೆರಿಕದ ರೈಟ್ ಸಹೋದರರು ಎಂಜಿನಿನ ಬಲದಿಂದ ಮೊದಲ ಬಾರಿಗೆ ಹಾರಿ ಆಗ ಐದು ವರ್ಷವೂ ತುಂಬಿರಲಿಲ್ಲ. ಪುಣೆ, ಮುಂಬಯಿಗಳಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿದ ತರುಣನನ್ನು ವಿಮಾನವಿದ್ಯೆ ಸೆಳೆಯಿತು. ಆ ವಿದ್ಯೆಯನ್ನು ಅರಸಿ ಅವರು ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯಕ್ಕೆ ಹೋದರು.

ಅಲ್ಲಿ ಅವರಿಗೆ ದೊರೆತ ಗುರು ಲುಡ್ವಿಗ್ ಪ್ರಾಂಟ್ಲ್. ಹಾರುವ ವಿಮಾನದ ರೆಕ್ಕೆಗೆ ಅಂಟಿಕೊಂಡಂತೆ ಗಾಳಿಯ ತೀರ ತೆಳುವಾದ ಪದರವೊಂದು ಇರುತ್ತದೆಂದೂ, ಗಾಳಿಯ ಎಳೆತಕ್ಕೆ ಅದೇ ಮುಖ್ಯ ಕಾರಣವೆಂದೂ 1904ರಲ್ಲಿ ತೋರಿಸಿಕೊಟ್ಟ ಮಹಾವಿಜ್ಞಾನಿ ಅವರು. ರೆಕ್ಕೆಯನ್ನು ಮಿತಿಮೀರಿ ಮೇಲೆತ್ತಿದರೆ ಗಾಳಿ ಅದರ ಮೈಯಿಂದ ಬೇರ್ಪಡುತ್ತದೆ. ಆಗ ವಿಮಾನವನ್ನು ಎತ್ತಿಹಿಡಿಯುವ ಬಲ ಕುಗ್ಗುತ್ತದೆ. ಈ ಸೂಕ್ಷ್ಮಗಳನ್ನೆಲ್ಲ ಅರಿತ ಘಾಟಗೆಯವರು 1936ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದು ಸ್ವದೇಶಕ್ಕೆ ಮರಳಿದರು.

ಮರಳಿದವರಿಗೆ ಕಲಿತ ವಿದ್ಯೆಗೆ ತಕ್ಕ ಕೆಲಸವಿರಲಿಲ್ಲ. ವಿಮಾನವನ್ನು ತಯಾರಿಸುವ ಕಾರ್ಖಾನೆ ದೇಶದಲ್ಲಿ ಒಂದೂ ಇರಲಿಲ್ಲ. ಅವರು ಕಾಲೇಜುಗಳಲ್ಲಿ ಅಧ್ಯಾಪಕರಾಗಿ ದುಡಿದರು. ವಿದ್ಯೆಯೂ ಆಸೆಯೂ ಎಷ್ಟೇ ಇದ್ದರೂ ಅವು ಬೇರೂರುವುದಕ್ಕೆ ನೆಲ ಬೇಕು. ಆ ನೆಲ ದೊರೆಯದಿದ್ದರೆ ಘಾಟಗೆಯವರ ಹೆಸರು ವಿಮಾನವಿದ್ಯೆಯ ಚರಿತ್ರೆಯಲ್ಲಿ ಸೇರುತ್ತಲೇ ಇರಲಿಲ್ಲ.

ಅದನ್ನು ಒದಗಿಸಿದುದು ಮೈಸೂರು ಸಂಸ್ಥಾನ. ಉದ್ಯಮಿ ವಾಲ್‌ಚಂದ್ ಹೀರಾಚಂದರು ವಿಮಾನ ಕಾರ್ಖಾನೆಯನ್ನು ಸ್ಥಾಪಿಸಲು ಹೊರಟಾಗ, ದಿವಾನ್ ಮಿರ್ಜಾ ಇಸ್ಮಾಯಿಲರ ಸರ್ಕಾರ ಬೆಂಗಳೂರಿನಲ್ಲಿ 700 ಎಕರೆ ಭೂಮಿಯನ್ನೂ 25 ಲಕ್ಷ ರೂಪಾಯಿಗಳ ಬಂಡವಾಳವನ್ನೂ ಕೊಟ್ಟಿತು. ಇಂದಿನ ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ ಕಾವೇರಿಯಿಂದ ಉತ್ಪನ್ನವಾದ ವಿದ್ಯುತ್ತು 1905ರಿಂದಲೇ ಆ ನಗರಕ್ಕೆ ಹರಿಯುತ್ತಿದ್ದಿತು. 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಜನ್ಮ ತಾಳಿತು. ಘಾಟಗೆಯವರು ಅದರ ಆರಂಭದ ವಿನ್ಯಾಸಕಾರರಲ್ಲಿ ಒಬ್ಬರಾದರು.

ಮರುವರ್ಷವೇ ಅವರು ಎಂಜಿನಿಲ್ಲದೆ ಗಾಳಿಯಲ್ಲಿ ತೇಲುವ ಗ್ಲೈಡರ್ ಒಂದನ್ನು ರಚಿಸಿದರು. ಆದರೆ ಯುದ್ಧಕಾಲದ ಅಗತ್ಯ ಬೇರೆಯಾಗಿತ್ತು. ಕಾರ್ಖಾನೆ ಮಿತ್ರರಾಷ್ಟ್ರಗಳ ವಿಮಾನಗಳನ್ನು ದುರಸ್ತಿ ಮಾಡುವ ಕೇಂದ್ರವಾಯಿತು. ಹೊಸ ವಿಮಾನದ ರಚನೆ ಹಿಂದೆ ಬಿದ್ದಿತು. ಘಾಟಗೆಯವರು ಆ ಕಾಲವನ್ನು ವ್ಯರ್ಥಗೊಳಿಸಲಿಲ್ಲ. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗವನ್ನು ಆರಂಭಿಸಲು ನೆರವಾದರು. ಕೊಳವೆಯೊಳಗೆ ಗಾಳಿಯನ್ನು ಹಾಯಿಸಿ ವಿಮಾನದ ಮಾದರಿಯನ್ನು ಪರೀಕ್ಷಿಸುವ ಗಾಳಿಸುರಂಗದ ರಚನೆಯಲ್ಲಿಯೂ ಶ್ರಮಿಸಿದರು. ತಮಗೆ ದೊರೆಯದಿದ್ದ ಸೌಕರ್ಯ ಮುಂದಿನವರಿಗೆ ಸ್ವದೇಶದಲ್ಲಿಯೇ ದೊರೆಯುವಂತಾಯಿತು.

ಸ್ವಾತಂತ್ರ್ಯ ಬಂದಿತು. ವಾಯುಪಡೆಗೆ ಸೇರುವ ತರುಣರು ಪರದೇಶದ ವಿಮಾನಗಳಲ್ಲಿಯೇ ಹಾರಾಟವನ್ನು ಕಲಿಯುತ್ತಿದ್ದರು. ಕಲಿಯುವವರಿಗಾಗಿ ನಮ್ಮದೇ ಆದ ವಿಮಾನವನ್ನು ರಚಿಸುವ ಹೊಣೆ ಘಾಟಗೆಯವರ ತಂಡಕ್ಕೆ ಬಂದಿತು. ತರಬೇತಿ ವಿಮಾನವೆಂದರೆ ಸಣ್ಣದು, ಆದುದರಿಂದ ಸುಲಭವಾದುದು ಎಂದು ತೋರಬಹುದು. ಆದರೆ ಯುದ್ಧವಿಮಾನವನ್ನು ನಡೆಸುವವನು ನುರಿತವನು. ತರಬೇತಿ ವಿಮಾನದಲ್ಲಿ ಕೂರುವವನು ಏನನ್ನೂ ಅರಿಯದವನು. ಅವನು ಮೂತಿಯನ್ನು ಅತಿಯಾಗಿ ಮೇಲೆತ್ತುತ್ತಾನೆ, ವೇಗವನ್ನು ಮರೆಯುತ್ತಾನೆ. ಗಾಳಿ ರೆಕ್ಕೆಯಿಂದ ಬೇರ್ಪಟ್ಟು ವಿಮಾನ ಬುಗುರಿಯಂತೆ ಸುತ್ತುತ್ತ ಕೆಳಗಿಳಿಯಬಹುದು. ಆ ಸುಳಿಯಿಂದ ಹೊರಬರುವುದೂ ಪಾಠದ ಒಂದು ಭಾಗ. ಆದುದರಿಂದ ಅಂತಹ ವಿಮಾನ ತಪ್ಪನ್ನು ಮರೆಮಾಡಬಾರದು. ತಪ್ಪಿದವನನ್ನು ಬಲಿ ತೆಗೆದುಕೊಳ್ಳಲೂ ಬಾರದು. ಗಟಿಂಗೆನ್ನಿನಲ್ಲಿ ಕಾಗದದ ಮೇಲೆ ಕಲಿತುದು ಈಗ ಹರೆಯದವರ ಪ್ರಾಣದ ಪ್ರಶ್ನೆಯಾಯಿತು.

ಘಾಟಗೆಯವರ ತಂಡ ರಚಿಸಿದ ಎಚ್‌ಟಿ-2 ಪೂರ್ತಿ ಲೋಹದ ವಿಮಾನ. ಎರಡು ಆಸನಗಳು ಒಂದರ ಹಿಂದೆ ಒಂದು. ಎರಡರಲ್ಲಿಯೂ ಚಾಲನದ ಸಾಧನಗಳು. ಶಿಷ್ಯನ ಕೈ ತಪ್ಪಿದರೆ ಗುರುವಿನ ಕೈ ತಿದ್ದುವುದಕ್ಕೆ ಈ ಏರ್ಪಾಡು. 1951ರ ಆಗಸ್ಟ್ 5ರಂದು ಕಾರ್ಖಾನೆಯ ಪರೀಕ್ಷಾ ಪೈಲಟ್ ಜಮ್‌ಶೆಡ್ ಮುನ್ಷಿಯವರು ಅದನ್ನು ಮೊದಲ ಬಾರಿಗೆ ಬೆಂಗಳೂರಿನ ಬಾನಿಗೆ ಏರಿಸಿದರು. ಹೊಸ ವಿಮಾನದ ಮೊದಲ ಹಾರಾಟದಲ್ಲಿ ಲೆಕ್ಕ ಒಬ್ಬನದು, ಪ್ರಾಣ ಮತ್ತೊಬ್ಬನದು. ನಕ್ಷೆ ಬರೆದವನು, ತಗಡಿಗೆ ರಿವೆಟ್ ಬಡಿದವನು, ತಿರುಪನ್ನು ಬಿಗಿ ಮಾಡಿದವನು, ಇವರೆಲ್ಲರ ಪ್ರಾಮಾಣಿಕತೆಯನ್ನು ನಂಬಿಯೇ ಪೈಲಟ್ ಮೇಲೇರುತ್ತಾನೆ. ಆ ನಂಬಿಕೆ ಹುಸಿಯಾಗಲಿಲ್ಲ.

ಎಚ್‌ಟಿ-2 ವಾಯುಪಡೆಗೆ ಸೇರಿ ಮೂರು ದಶಕಗಳಿಗೂ ಮಿಗಿಲಾಗಿ ಹೊಸಬರಿಗೆ ಮೊದಲ ಪಾಠವನ್ನು ಹೇಳಿಕೊಟ್ಟಿತು. ಆಫ್ರಿಕದ ಘಾನಾ ದೇಶದ ತರುಣರೂ ಅದರಲ್ಲಿ ಕಲಿತರು. 1958ರಲ್ಲಿ ಹಾರಿದ ಪುಷ್ಪಕ್ ಎಂಬ ಹಗುರ ವಿಮಾನ ಫ್ಲೈಯಿಂಗ್ ಕ್ಲಬ್ಬುಗಳಿಗೆ ಒದಗಿತು. ಜೆಟ್ ಯುಗ ಬಂದಾಗ ಘಾಟಗೆಯವರ ನೇತೃತ್ವದಲ್ಲಿ ಕಿರಣ್ ಎಂಬ ಜೆಟ್ ತರಬೇತಿ ವಿಮಾನ ರೂಪುಗೊಂಡು, 1964ರ ಸೆಪ್ಟೆಂಬರ್ 4ರಂದು ಹಾರಿತು. ಅದರಲ್ಲಿ ಗುರುಶಿಷ್ಯರು ಅಕ್ಕಪಕ್ಕದಲ್ಲಿ ಕೂರುತ್ತಿದ್ದರು. ವಾಯುಪಡೆಯ ಸೂರ್ಯಕಿರಣ್ ತಂಡ 1996ರಿಂದ 2011ರವರೆಗೆ ತನ್ನ ಆಕಾಶವಿನ್ಯಾಸಗಳನ್ನು ತೋರಿಸಿದುದು ಈ ವಿಮಾನಗಳಲ್ಲಿಯೇ.

ಎಲ್ಲವೂ ಕೈಗೂಡಿತೆಂದಲ್ಲ. ಎಚ್‌ಟಿ-2ಕ್ಕೂ ಕಿರಣ್‌ಗೂ ಮೈ ನಮ್ಮದಾದರೆ, ಎಂಜಿನು ಪರದೇಶದವರು ರೂಪಿಸಿದುದು. ಆ ಕೊರತೆಯನ್ನು ನೀಗುವುದು ಒಬ್ಬನ ಜೀವಮಾನದ ಕೆಲಸವಲ್ಲ. ಭಾರತ ಸರ್ಕಾರ 1965ರಲ್ಲಿ ಘಾಟಗೆಯವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ಕೊಟ್ಟು ಗೌರವಿಸಿತು. 1991ರ ಡಿಸೆಂಬರ್ 6ರಂದು ಅವರು ತೀರಿಕೊಂಡರು. ಬೆಂಗಳೂರಿನ ವಿಮಾನ ಕಾರ್ಖಾನೆಗೆ ಸೇರಿದ ಸಭಾಭವನವೊಂದು ಅವರ ಹೆಸರನ್ನು ಹೊತ್ತು ನಿಂತಿದೆ.

ವಿಮಾನವಿದ್ಯೆಯಲ್ಲಿ ಬಾಳನ್ನು ರೂಪಿಸಿಕೊಳ್ಳಲು ಬಯಸುವವರಿಗೆ ಕಣ್ಣಿನ ದೃಷ್ಟಿ ಬೇಕು, ದೇಹದಾರ್ಢ್ಯ ಬೇಕು, ಗಣಿತ ಬೇಕು. ಇವುಗಳ ಜೊತೆಗೆ ಒಳ್ಳೆಯ ಗುರು ಬೇಕು, ವಿದ್ಯೆಗೆ ಆಸರೆ ಕೊಡುವ ನಾಡು ಬೇಕು, ಕೆಲಸ ದೊರೆಯುವವರೆಗೆ ಕಾಯುವ ತಾಳ್ಮೆ ಬೇಕು. ಕಾಲೇಜಿನ ಕರಿಹಲಗೆಯ ಮುಂದೆ ನಿಂತು ಪಾಠ ಹೇಳಿದ ಘಾಟಗೆಯವರು ಕೊನೆಯವರೆಗೂ ಒಂದು ಅರ್ಥದಲ್ಲಿ ಅಧ್ಯಾಪಕರಾಗಿಯೇ ಉಳಿದರು. ಅವರ ಪಾಠಶಾಲೆಗೆ ಮಾತ್ರ ರೆಕ್ಕೆಗಳಿದ್ದವು.